ಪಕೀರಬ್ಬರ ಬಿರುಗಾಳಿ ಪಟ್ಟಿ

ಕೊಡೆ ಮಾರಿ ಬದುಕಲಾಗದ ಊರು ದೋಹಾ. ಅಂಥಲ್ಲಿ ಕೂತು ಪಕೀರಬ್ಬ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿ ಎಬ್ಬಿಸುತ್ತಿದ್ದರು. ಉಳ್ಳಾಲದವರು, ವಯಸ್ಸು ಐವತ್ತೆಂಟು, ಹಡಗಿನ ಬಿಡಿಭಾಗಗಳ ಕಂಪೆನಿಯೊಂದರಲ್ಲಿ ಸ್ಟೋರ್‌ಕೀಪರ್. ಶುಕ್ರವಾರ ನಮಾಜು, ಊಟ ಮುಗಿಯಿತೆಂದರೆ ಬಿನ್ ಒಮ್ರಾನ್ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲಿ ಕಂಪ್ಯೂಟರ್ ಮುಂದೆ ಹಾಜರು. ಬೀಸದೇ ಹೋದ ಚಂಡಮಾರುತಗಳನ್ನು ಕಲ್ಪಿಸಿ, ಹೆಸರಿಟ್ಟು, ಅವುಗಳ ದಾರಿ ಬರೆಯುವ ಹುಚ್ಚರ ವೆಬ್‌ಸೈಟೊಂದಿದೆ. ಅಲ್ಲಿ ಇವರ ಪಟ್ಟಿಗೆ ಭಾರೀ ಮರ್ಯಾದೆ. ಅಮೆರಿಕದ ಹೆಸರುಗಳ ಬದಲು ಫಸೀಲಾ, ರಿಝ್ವಾನ್, ದೂಮಪ್ಪ ಫ್ಲೋರಿಡಾದತ್ತ ನುಗ್ಗುತ್ತಿದ್ದರು. "ನಾನು ಇವತ್ತು ಎಷ್ಟು ಮರ ಉರುಳಿಸಿದೆ ಮಾರಾಯ್ರೆ?" ಎಂದು ಆಫೀಸಿನ ದೂಮಪ್ಪನವರು ದಿನಾ ಕಾಲೆಳೆಯುತ್ತಿದ್ದರು.

ಒಂದು ಹೆಸರಿನ ಬಗ್ಗೆ ಮಾತ್ರ ತಕರಾರಿತ್ತು. ನಿಯಮದಂತೆ ಹೆಸರುಗಳು ಆರು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಬಹಳ ಜನರನ್ನು ಕೊಂದ ಗಾಳಿಯ ಹೆಸರನ್ನು ಶಾಶ್ವತವಾಗಿ ತೆಗೆಯುತ್ತಾರೆ. ಪಕೀರಬ್ಬರ 'ಹಿಶಾಮ್' ನಡುಗಡಲಲ್ಲೇ ಕರಗಿತ್ತು, ಒಂದು ಹೆಂಚನ್ನೂ ಹಾರಿಸಿರಲಿಲ್ಲ. ಆದರೂ ಪಕೀರಬ್ಬ ಅದನ್ನು ಪಟ್ಟಿಯಿಂದ ತೆಗೆದುಬಿಟ್ಟಿದ್ದರು. ವೆಬ್‌ಸೈಟಿನವರು ಯಾಕೆಂದು ಕೇಳಿದರೆ ಮುಂದಿನ ಗಾಳಿಯ ದಾರಿ ಬರೆದು ಕಳಿಸುತ್ತಿದ್ದರು.

ಹಿಶಾಮ್ ಅವರ ಮಗ. ಹನ್ನೊಂದು ವರ್ಷದ ಹಿಂದೆ, ರಜೆಗೆ ಊರಿಗೆ ಹೋದಾಗ, ಸಮುದ್ರ ಪಾಲಾದ. ಅಂದು ಕಡಲನ್ನು ಕೆರಳಿಸಿದ್ದು ಬರೀ ಒಂದು ವಾಯುಭಾರ ಕುಸಿತ. ಹೆಸರಿಡುವಷ್ಟು ದೊಡ್ಡದೂ ಅಲ್ಲ. ಬೈಯಲಿಕ್ಕಾದರೂ ಒಂದು ಹೆಸರು ಬೇಡವೇ? ಈ ಹುಚ್ಚು ಹತ್ತಿದ್ದು ಆಮೇಲೆ. ಮಗನ ಹೆಸರನ್ನು ಅಂದಿನಿಂದ ಅವರು ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ಮಗಳು ಅಸೀಫಾಳಿಗೆ ಗಂಡುಮಗು. ಏಳನೆಯ ದಿನ ಹೆಸರಿಡಲು ಅಲ್ ಥುಮಾಮಾದ ಅವಳ ಮನೆಯಲ್ಲಿ ಎಲ್ಲರೂ ಸೇರಿದ್ದರು. ತೀರಿಹೋದವರ ಹೆಸರನ್ನು ಹೊಸ ಕೂಸಿಗೆ ಇಡುವುದು ಆ ಮನೆತನದ ರೂಢಿ.

"ಉಪ್ಪ, ಅಣ್ಣನ ಹೆಸರೇ ಇಡುವ ಅಂತ ನಮಗೆ ಆಸೆ. ನೀವೇ ಮಗುವಿನ ಕಿವಿಯಲ್ಲಿ ಕರೀಬೇಕು. ನೀವು ಬೇಡ ಅಂದ್ರೆ ಬೇಡ," ಎಂದಳು ಅಸೀಫಾ.

"ಬೇಡ. ಆ ಹೆಸರು ಖಲಾಸ್," ಎಂದರು ಪಕೀರಬ್ಬ.

ಅವರ ಹೆಂಡತಿ ಸಫೂರಾ ಇಷ್ಟು ವರ್ಷ ಊಟದ ಹೊತ್ತಿಗೆಲ್ಲ ಬಿರುಗಾಳಿಯ ಕಾನೂನು ಕೇಳಿ ಕೇಳಿ ಕಿವಿ ತೂತಾದವರು.

"ಕೊಂದ ಗಾಳಿಯ ಹೆಸರಲ್ವಾ ತೆಗೆಯೋದು?" ಎಂದರು ಅವರು. "ನನ್ನ ಮಗ ಯಾರನ್ನು ಕೊಂದಿದ್ದಾನೆ, ಹೇಳಿ?"

ಪಕೀರಬ್ಬ ಕೂಸನ್ನು ಎತ್ತಿಕೊಂಡು ಅದರ ಕಿವಿಯ ಬಳಿ ಬಾಯಿ ತಂದರು. ಮೊದಲ ಸಲ ಬರೀ ಉಸಿರು ಬಂತು, ದನಿ ಬರಲಿಲ್ಲ. ಎರಡನೆಯ ಸಲದ್ದು ಕೂಸಿಗೆ ಮಾತ್ರ ಕೇಳಿಸಿತೇನೋ. ಮೂರನೆಯ ಸಲ, ಮುಸ್ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಆಟ ಬಿಡಿಸಿ ಮಗನನ್ನು ಮನೆಯೊಳಗೆ ಕರೆಯುವ ತಂದೆಯ ಹಾಗೆ ಗಟ್ಟಿಯಾಗಿ ಕರೆದರು, "ಹಿಶಾಮೇ!"

ಕೂಸು ಬೆಚ್ಚಿ ಅತ್ತಿತು. ಪಕೀರಬ್ಬರೂ ಅತ್ತರು.