ದುಬೈಗೆ ಬರೀ ಒಂದೂಮುಕ್ಕಾಲು ಗಂಟೆ!

“ನಾಲ್ಕಕ್ಕೆ ಬಿಟ್ಟು ಐದೂಮುಕ್ಕಾಲಿಗೆ ದುಬೈ! ಜೋಗೇಶ್ವರಿಗೆ ಬಸ್ಸಲ್ಲಿ ಹೋಗ್ಲಿಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕಲ್ಲ ಮಾರಾಯಾ?”

ಹೋದ ವಾರ ನಮ್ಮ ಬಿಲ್ಡಿಂಗಿನ ಶಾರದಕ್ಕ ಮೊಬೈಲನ್ನು ನನ್ನ ಮೂಗಿಗೇ ಹಿಡಿದರು. ಉಡುಪಿ ಕಡೆಯವರು, ಚೆಂಬೂರಿಗೆ ಬಂದು ನಲವತ್ತು ವರ್ಷವಾಯಿತು. ಮೊಬೈಲಿನಲ್ಲಿ ವಿಮಾನದ ಟಿಕೆಟ್ ಇತ್ತು. ಕಳಿಸಿದವಳು ದುಬೈಯಲ್ಲಿರುವ ತಂಗಿ ವಸಂತಿಯ ಮಗಳು. ಜೊತೆಗೊಂದು ವಾಯ್ಸ್ ಮೆಸೇಜು: “ದೊಡ್ಡಮ್ಮಾ, ಅಮ್ಮಂದು ಕಾಲಿನ ಆಪರೇಷನ್ ಉಂಟು. ಅವ್ಳು ಹೇಳುದಿಲ್ಲ, ಬಟ್ ನಿಮ್ಗೇ ವೇಯ್ಟ್ ಮಾಡ್ತಾ ಇದ್ದಾಳೆ. ಪ್ಲೀಸ್ ಬನ್ನಿ.”

ಅಕ್ಕ ತಂಗಿ ಮಾತು ಬಿಟ್ಟು ಒಂಬತ್ತು ವರ್ಷ. ಇದೇ ಹುಡುಗಿಯ ಮದುವೆಗೆ ಶಾರದಕ್ಕ ಹೋಗಿರಲಿಲ್ಲ. “ಅಷ್ಟು ದೂರ ಯಾರು ಬರ್ತಾರೆ?” ಎಂದುಬಿಟ್ಟಿದ್ದರಂತೆ. (ದೂರವೂ ಇಲ್ಲ, ಮಣ್ಣೂ ಇಲ್ಲ. ತಂಗಿ ಖುದ್ದು ಬಂದು ಕರೆಯಲಿಲ್ಲ ಎಂಬ ಸಿಟ್ಟು. ಇಡೀ ಬಿಲ್ಡಿಂಗಿಗೆ ಗೊತ್ತು!)

ನಾನು ನಿಜ ಹೇಳಬೇಕಿತ್ತು. ದುಬೈ ನಮ್ಮಿಂದ ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರ್. ಹಾರಾಟ ಮೂರು ಗಂಟೆ ಚಿಲ್ಲರೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೇ. ಆದರೆ ಇನ್ನೊಮ್ಮೆ ‘ದೂರ’ ಎಂದು ಕಿವಿಗೆ ಬಿದ್ದರೆ ಈ ಹೆಂಗಸು ಹೊರಡುವುದುಂಟಾ? ಬಾಯಿ ಮುಚ್ಚಿಕೊಂಡೆ.

“ಇಷ್ಟು ಹತ್ತಿರ ಇತ್ತಾ?” ಶಾರದಕ್ಕನ ಕಣ್ಣು ತುಂಬಿತು. “ಛೇ! ಹುಡುಗಿಗೆ ಎರಡು ಅಕ್ಕಿಕಾಳು ಹಾಕಿ ಬರ್ಬಹುದಿತ್ತು.”

ಶನಿವಾರ ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದು ಬಾಲ್ಕನಿಯಲ್ಲಿ ನಿಂತೆ. ಚೆಂಬೂರಿನ ಮೇಲೆ ವಿಮಾನಗಳು ಇಳಿಯಲು ತಗ್ಗಿ ಬರುತ್ತಲೇ ಇರುತ್ತವೆ. ಅಂದು ಮಾತ್ರ ನನ್ನ ಮನಸ್ಸು ಹೋಗುವ ವಿಮಾನದ ಜೊತೆಗಿತ್ತು. ಕೆಳಗೆ ಬರೀ ಸಮುದ್ರ. ಮುಂದೆ ಸೂರ್ಯ, ಅವನ ಬೆನ್ನಿಗೇ ವಿಮಾನ. ಎಷ್ಟು ಹಾರಿದರೂ ಸಂಜೆ ಮುಗಿಯುವುದೇ ಇಲ್ಲ. ಕಿಟಕಿ ಪಕ್ಕ ಶಾರದಕ್ಕ, ಮಡಿಲಲ್ಲಿ ಬಿಸಿಲು. ಆ ಒಂದೂವರೆ ಗಂಟೆ ಅವರಿಗೆ ಪುಕ್ಕಟೆ ಸಿಕ್ಕಿದ್ದು ತಾನೇ? ನನಗೂ ಹಾಗೊಂದು ತುಂಡು ಸಂಜೆ ಸಿಕ್ಕಿದ್ದರೆ ಯಾರ ಪಕ್ಕ ಹೋಗಿ ಕೂರುತ್ತಿದ್ದೆ? ಇಲ್ಲೇ ಹತ್ತಿರದ ಆಂಟಾಪ್ ಹಿಲ್‌ನಲ್ಲಿ ಒಬ್ಬ ಹಳೆಯ ಗೆಳೆಯನಿದ್ದಾನೆ. ಅವನ ಮುಖ ನೋಡಿ ಎಷ್ಟು ದಿನವಾಯಿತೋ! ಹಾಗೇ ನಿಂತಿದ್ದೆ. ಚಹಾ ತಣ್ಣಗಾಯಿತು.

ಕತ್ತಲಾದ ಮೇಲೆ ಫೋನು ಬಂತು.

“ಕಳ್ಳ! ಮೂರು ಗಂಟೆ ಕೂತು ನನ್ನ ಸೊಂಟ ಬಿದ್ದುಹೋಯ್ತು. ನಿನಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು ಅಕ್ಕಾ. ಅದಿರಲಿ, ವಸಂತಕ್ಕ ಏನಂದ್ರು?”

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಎಂತ ಹೇಳುದು? ಕೋಲು ಊರಿಕೊಂಡು ಏರ್‌ಪೋರ್ಟಿಗೇ ಬಂದಿದ್ಳು. ತಬ್ಬಿ ಹಿಡಿದು, ‘ಇಷ್ಟು ತಡ ಮಾಡುದಾ ಅಕ್ಕಾ?’ ಅಂತ ಕೇಳಿದ್ಳು.”

ವಿಮಾನ ಹತ್ತು ನಿಮಿಷ ಮೊದಲೇ ಇಳಿದಿತ್ತು.