ಜುಬೈದಾ ಅಳೆದ ಮುನ್ನೂರ ಹದಿನೆಂಟು ಮಿಲ್ಲಿಮೀಟರ್

ಬೆಳ್ಮಣ್‌ನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮುಂಜಾವಿನ ನಮಾಜು ಮುಗಿಸಿದ ಜುಬೈದಾ ಕೊಡೆ ಹಿಡಿದು ಶಾಲೆಯ ಹಿಂದಿನ ಬಯಲಿಗೆ ಬರುತ್ತಾರೆ. ತಂತಿಬೇಲಿಯೊಳಗಿನ ಮಳೆಮಾಪಕದ ಬಾಯಿಯಲ್ಲಿ ಬಿದ್ದ ಎಲೆಗಳನ್ನು ತೆಗೆಯುತ್ತಾರೆ. ಮನೆಗೆ ಹೋಗಿ, ಸರಿಯಾಗಿ ಎಂಟೂವರೆಗೆ ಮತ್ತೆ ಬಂದು ಒಳಗಿನ ಬಾಟಲಿ ಎತ್ತಿ, ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿಯುತ್ತಾರೆ. ಒಂದು ಪಾತ್ರೆ ತುಂಬಿದರೆ ಇಪ್ಪತ್ತು ಮಿಲ್ಲಿಮೀಟರ್ ಮಳೆ. ಪ್ರತಿ ಪಾತ್ರೆಗೂ ಎಡಗೈಯ ತಸ್ಬೀಹ್ ಮಾಲೆಯಲ್ಲಿ ಒಂದು ಮಣಿ ಸರಿಯುತ್ತದೆ.

"ದೇವರ ಹೆಸರು ಎಣಿಸುವ ಮಣಿ ಇದು. ಇದರಲ್ಲಿ ಸುಳ್ಳು ಎಣಿಸ್ಲಿಕ್ಕೆ ಆಗ್ತದಾ?" ಎನ್ನುತ್ತಾರೆ.

ಈ ಕೆಲಸ ಮೊದಲು ಅವರ ಗಂಡ ಪುತ್ತುಬ್ಬ ಅವರದಾಗಿತ್ತು. ಅವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಇದ್ದತ್‌ನ ಶೋಕಾಚರಣೆಯ ನಾಲ್ಕು ತಿಂಗಳು ಹತ್ತು ದಿನ ಜುಬೈದಾ ಮನೆಯಿಂದ ಹೊರಬರುವಂತಿರಲಿಲ್ಲ. ಆಗ ನೆರೆಮನೆಯ ದೂಮಪ್ಪ ದಿನವೂ ಮಳೆ ಅಳೆದು, ಬೇಲಿಯ ಆಚೆ ನಿಂತು ಸಂಖ್ಯೆ ಕೂಗುತ್ತಿದ್ದರು. ಇವರು ಒಳಗೆ ಕುಳಿತು ಬರೆಯುತ್ತಿದ್ದರು. ಶೋಕದ ಮನೆಗೆ ಅದಕ್ಕಿಂತ ದೊಡ್ಡ ಸಾಂತ್ವನ ಯಾವುದಿದ್ದೀತು?

ಆ ದೂಮಪ್ಪ ಕಳೆದ ಜುಲೈಯಲ್ಲಿ ಹೋದರು. ಹಾಲಿನ ಕ್ಯಾನ್ ಹಿಡಿದು ಹಳ್ಳದ ಮೇಲಿನ ಕಾಲುಸಂಕ ದಾಟುವಾಗ ತೋಡಿನ ನೀರು ಸಂಕವನ್ನೇ ಎತ್ತಿಕೊಂಡು ಹೋಯಿತು. ಆ ಬೆಳಿಗ್ಗೆ ಜುಬೈದಾ ಅಳೆದ ಮಳೆ ಮುನ್ನೂರ ಹದಿನೆಂಟು ಮಿಲ್ಲಿಮೀಟರ್. ಆ ಸಂಖ್ಯೆಯನ್ನು ಫೋನಿನಲ್ಲಿ ಕೇಳಿದ ತಾಲೂಕು ಕಚೇರಿಯವರು ನಕ್ಕರಂತೆ.

"ಎಂತ ಜುಬೈದಕ್ಕ, ಬಾವಿ ನೀರು ಹಾಕಿದ್ರಾ? ಬಾಟಲಿ ಹಿಡಿಯುವುದೇ ಇನ್ನೂರು!"

ಉಪಗ್ರಹದ ಅಂದಾಜು ಆ ದಿನಕ್ಕೆ ಅರವತ್ತೆರಡು ತೋರಿಸುತ್ತಿತ್ತು. ಅದನ್ನೇ ಇಟ್ಟುಕೊಂಡು ಇವರ ಸಂಖ್ಯೆಯ ಮೇಲೆ ಕೆಂಪು ಗೆರೆ ಎಳೆದರು. ಅಲ್ಲಿಗೆ ನಿಲ್ಲಲಿಲ್ಲ. ಸಾವಿನ ವಿಚಾರಣೆಯ ಕಾಗದದಲ್ಲಿ 'ಸಾಧಾರಣ ಮಳೆ. ಮದ್ಯಪಾನದಿಂದ ಜಾರಿ ಬಿದ್ದಿರುವ ಸಂಭವ' ಎಂದು ಬರೆದರು. ವರದಿ ಬರೆಯಲು ಬಂದ ನಾನು ಆ ಸಾಲನ್ನು ಎರಡು ಸಲ ಓದಿದೆ. ನಂಬಲಾಗಲಿಲ್ಲ. ಒಂದು ಗೆರೆ, ಸತ್ತವನ ಮಾನವನ್ನೂ ಕೊಂಡುಹೋಗಬಹುದೆ, ದೇವರೇ!

"ಹುಟ್ಟಿದ ಮೇಲೆ ಕಳ್ಳು ಮುಟ್ಟಿದವರಲ್ಲ," ಎನ್ನುತ್ತಾರೆ ಜುಬೈದಾ. ದೂಮಪ್ಪನವರ ಹೆಂಡತಿ ವಾರಿಜಾ ಜನರ ಮುಖ ನೋಡಲಾಗದೆ ಅಂದಿನಿಂದ ಅಂಗಡಿಗೂ ಹೋಗುತ್ತಿಲ್ಲ.

ಈ ವಾರ ಮಣಿಪಾಲದಿಂದ ಧೃತಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಾರೆ. ಕಾಪು, ಕಾರ್ಕಳದ ಕಡೆಯ ಮಳೆಮಾಪಕಗಳ ಲೆಕ್ಕವನ್ನು ಉಪಗ್ರಹದ ಲೆಕ್ಕದೊಂದಿಗೆ ಹೋಲಿಸುವುದು ಅವರ ಕೆಲಸ. ಮುನ್ನೂರ ಹದಿನೆಂಟನ್ನು ಅವರೂ ನಂಬಿರಲಿಲ್ಲ. ಮಳೆ ಬಿಟ್ಟ ಹೊತ್ತು ನೋಡಿ, "ಜುಬೈದಕ್ಕ, ಆಚೆ ತಿರುಗಿ ನಿಲ್ಲಿ," ಎಂದು ಮಾಪಕಕ್ಕೆ ನೀರು ಸುರಿಯುತ್ತಾರೆ. ಎಷ್ಟೆಂದು ಹೇಳುವುದಿಲ್ಲ.

ಜುಬೈದಾ ಬಾಟಲಿ ಬರಿದು ಮಾಡುತ್ತಾರೆ. ಹತ್ತು ಮಣಿ. ಅಷ್ಟಕ್ಕೆ ಬಿಡುವುದಿಲ್ಲ, ಬಾಟಲಿ ತುಂಬಿ ಹೊರಗಿನ ಡಬ್ಬಿಗೆ ಇಳಿದ ನೀರನ್ನೂ ಬಗ್ಗಿಸಿ ಅಳೆಯುತ್ತಾರೆ. ಬಾಟಲಿ ಹಿಡಿಯದ ಮಳೆಗಾಗಿಯೇ ಇರುವ ಡಬ್ಬಿ ಅದು. ಕಚೇರಿಯವರಿಗೆ ಅದೇ ಗೊತ್ತಿರಲಿಲ್ಲ.

"ಇನ್ನೂರ ನಲವತ್ತೊಂಬತ್ತೂವರೆ."

ಧೃತಿ ತಾನು ಬರೆದಿಟ್ಟ ಚೀಟಿ ತೆಗೆದು ತೋರಿಸುತ್ತಾರೆ. "ನಾನು ಹಾಕಿದ್ದು ಇನ್ನೂರ ಐವತ್ತು!"

"ಆ ಅರ್ಧ ಮಿಲ್ಲಿಮೀಟರ್ ನೀನು ಹುಲ್ಲಿಗೆ ಚೆಲ್ಲಿದ್ದಿ, ಮಾರಾಯ್ತಿ. ನನ್ನ ಕೈಯಲ್ಲಿ ಕಡಿಮೆ ಆಗ್ಲಿಲ್ಲ."

ನಾಲ್ಕು ಮಳೆಗಾಲದ ಲೆಕ್ಕ ಧೃತಿಯ ಬಳಿ ಇದೆ. ದೊಡ್ಡ ಮಳೆಯ ದಿನಗಳಲ್ಲೆಲ್ಲ ಉಪಗ್ರಹ ಮಾಪಕಗಳು ಅಳೆದುದರ ಅರ್ಧಕ್ಕಿಂತ ಕಡಿಮೆ ಹೇಳಿದೆ. "ಅದು ಮೋಡದ ನೆತ್ತಿ ಎಷ್ಟು ತಣ್ಣಗುಂಟು ಅಂತ ಮೇಲಿಂದ ನೋಡಿ ಅಂದಾಜು ಮಾಡುವುದು," ಎಂದು ವಿವರಿಸುತ್ತಾರೆ. "ಘಟ್ಟದ ಬುಡದ ಈ ಮೋಡಗಳು ಎತ್ತರಕ್ಕೆ ಏರುವುದೇ ಇಲ್ಲ. ಗಿಡ್ಡ ಮೋಡದ ನೆತ್ತಿ ಅಷ್ಟು ತಣ್ಣಗಾಗುವುದಿಲ್ಲ, ಉಪಗ್ರಹಕ್ಕೆ ಇಷ್ಟು ಮಳೆ ಕಾಣುವುದಿಲ್ಲ."

ಈ ಪರೀಕ್ಷೆಯ ವಿವರವನ್ನು ಧೃತಿ ಕಚೇರಿಗೆ ಕಳುಹಿಸಿದ್ದಾರೆ. ಉತ್ತರ ಬಂದಿಲ್ಲ. ನಿಮಗೆ ಏನಾಗಬೇಕು ಎಂದು ಕೇಳಿದರೆ ಜುಬೈದಾ ಅಳತೆಪಾತ್ರೆಯನ್ನು ಸೆರಗಿನಿಂದ ಒರೆಸಿಡುತ್ತಾರೆ.

"ನನಗೆ ಎಂತದೂ ಬೇಡ. ಆ ಕೆಂಪು ಗೆರೆ ಒಂದು ತೆಗೀಲಿ. ಅಷ್ಟು ಮಳೆ ಬಂದದ್ದು ಹೌದು ಅಂತಾದ್ರೆ, ದೂಮಪ್ಪಣ್ಣ ಹೋದದ್ದು ನೀರಿಗೆ ಅಂತಾಗ್ತದೆ. ವಾರಿಜಕ್ಕ ಅಂಗಡಿಗೆ ಹೋಗ್ಬಹುದು."