ಪಟ್ಟಿ ಹಿಡಿಯೋ ಮಾನಪ್ಪ

ಗೋವಾಕ್ಕ ಬಂದು ಹನ್ನೆರಡು ವರ್ಷದಾಗ ಮಾನಪ್ಪಗ ಮಂದಿ ಹೇಳಿದ್ದು ಭಾಳ, ಅವನ್ನ ಕೇಳಿದ್ದು ಏನೂ ಇಲ್ಲ. ಅಗಿ ಅಂದ್ರ ಅಗದ, ಹೊರು ಅಂದ್ರ ಹೊತ್ತ, ಬಾಜೂ ಸರಿ ಅಂದ್ರ ಸರದು ನಿಂತ. ಮುದ್ದೇಬಿಹಾಳ ಕಡಿಯಾಂವ, ಯಾರ ಗೊಡವಿಗೂ ಹೋಗದ ಮನಷ್ಯಾ. ಅಂಥಾವಗ ಎರಡು ಸಾವಿರದ ಒಂಬತ್ತನೇ ಇಸವಿ ಚಳಿಗಾಲದಾಗ ಒಂದು ಕೆಲಸ ಸಿಕ್ತು ನೋಡ್ರಿ, ಅವನ ಬುದ್ಧಿ ಕಲಸಿ ಮುದ್ದಿ ಮಾಡಿ ಇಟ್ಟತು.

ಅವ ಇದ್ದ ಉಸಗಾಂವದ ರಸ್ತಾ ಆಗ ಅದಿರಿನ ಟ್ರಕ್ಕಿನ ಪಾಲಾಗಿತ್ತು. ಬೆಳಗಾದ್ರ ಒಂದರ ಹಿಂದ ಒಂದು, ಧೂಳಾ ಎಬ್ಬಿಸಿಕೋತ. ಒಗದು ಹಾಕಿದ ಅರಬಿ ಒಣಗೂದ್ರಾಗ ಮತ್ತ ಹೊಲಸು. ಟ್ರಕ್ಕಿಗೆ ಅಂತ ಊರ ಹೊರಗಿಂದ ಬ್ಯಾರೆ ರಸ್ತಾ ಮಾಡ್ತಾರಂತ ಅನ್ನೋ ಸುದ್ದಿ ಬಂತು, ಸುದ್ದಿ ಹಿಂದ ಸರ್ವೇದವರು ಬಂದ್ರು. ಅವರಿಗೆ ಅಳತಿ ಪಟ್ಟಿ ಹಿಡಿಯಾಕ ಒಬ್ಬಾಂವ ಬೇಕಾಗಿದ್ದ. ಎರಡಾಳೆತ್ತರದ ಪಟ್ಟಿ, ಮೈತುಂಬ ಕೆಂಪು-ಕರಿ ಗೆರಿ. ಮಾನಪ್ಪ ಅದನ್ನ ಸೀದಾ ಹಿಡದು ನಿಲ್ಲಬೇಕು, ದೂರದಾಗ ಮೂರು ಕಾಲಿನ ದುರ್ಬೀನಿನಾಗಿಂದ ಇಂಜಿನಿಯರ್ ಶೇಟಗಾಂವಕರ ಸಾಹೇಬ್ರು ನೋಡಿ ಬರಕೋಬೇಕು. ಇಷ್ಟ ಕೆಲಸ. ಬುಟ್ಟಿ ಹೊತ್ತ ತಲಿಗೆ ಇದು ಹಬ್ಬ ಇದ್ದಂಗ.

ಕೆಲಸೇನೋ ಹಗುರ, ತಿಳಿಯೋದ ಕಠಿಣ. ಮೊದಲನೇ ವಾರ ಗದ್ದಿ ಅಂಚಿನಗುಂಟ ಗೂಟ ಬಡದು ತುದಿಗೆ ಕೆಂಪು ಬಣ್ಣ ಹಚ್ಚಿದ್ರು. ಎರಡನೇ ವಾರ ಗೋಡಂಬಿ ಗುಡ್ಡದ ಮ್ಯಾಲೆ. ಮೂರನೇ ವಾರ ನೋಡಿದ್ರ ಇವನ ವಸ್ತಿ ಹಿಂದಿನ ಹಳ್ಳದ ದಂಡಿಗೆ! ಅಲ್ಲಾ, ಒಂದ ಊರಿಗೆ ಎಷ್ಟು ರಸ್ತಾ? ಕೇಳಿದ್ರ ಸಾಹೇಬ್ರು ಕೊಂಕಣಿ-ಹಿಂದಿ ಕೂಡಿಸಿ ಏನೇನೋ ಹೇಳಿದ್ರು. ಮಾನಪ್ಪ ಹೂಂ ಅಂತ ಗೋಣು ಹಾಕಿದ. ಏನೂ ತಿಳದಿರಲಿಲ್ಲ ಖರೇ, ಆದ್ರ ಮತ್ತೊಮ್ಮೆ ಕೇಳಿದ್ರ ದಡ್ಡ ಅಂದಾರು ಅಂತ ಹೆದರಿದ.

ಇತ್ತ ವಸ್ತಿಯಾಗ ಅವನ ಕಿಮ್ಮತ್ತು ಏರಾಕತ್ತಿತ್ತು. ಸಂಜಿಗೆ ಮನಿಗೆ ಬಂದ್ರ ಸಾಕು, ಮಂದಿ ಬಾಗಿಲಿಗೆ ಬಂದು ನಿಲ್ಲೋರು. "ಮಾನಪ್ಪಣ್ಣ, ರಸ್ತಾ ಎಲ್ಲಿ ಬರತೈತಿ?" ಮೊದಮೊದಲು ನಕ್ಕು ಸುಮ್ಮನಾದ. ಆಮ್ಯಾಲೆ ಗಂಟಲಾ ಸರಿಮಾಡ್ಕೊಂಡು "ನೋಡೂಣು, ಇನ್ನೂ ವಿಚಾರ ನಡದೈತಿ" ಅನ್ನಾಕತ್ತಿದ, ಆ ವಿಚಾರ ತನ್ನ ಮುಂದನ ನಡದಂಗ! ಹೆಣ್ತಿ ಚಂದವ್ವ, "ಏನ್ರಿ, ನಿಮಗ ಖರೇನ ಗೊತ್ತೈತೇನು?" ಅಂದ್ರ, "ನೀ ಸುಮ್ಮನ ಕೂಡು" ಅಂತ ಗದರಿಸಿದ.

ಒಂದಿನ ಸಾಹೇಬ್ರು ಅಮೀರಬಿ ಮನಿ ಮುಂದ ನಿಂತ್ರು. ಅಮೀರಬಿ ಅಂದ್ರ ಮಾನಪ್ಪನ ಬಾಜೂ ಮನಿಯಾಕಿ, ಟೆಂಪೋ ಹೊಡಿಯೋ ಚಮನಸಾಬನ ಹೆಣ್ತಿ. ಚಂದವ್ವ ಜ್ವರ ಬಂದು ಮಲಗಿದಾಗ ಹದಿನೈದು ದಿನ ರೊಟ್ಟಿ ಬಡದು ಕೊಟ್ಟಾಕಿ, ಒಂದಿನಾನೂ ಬ್ಯಾಸರಾ ಮಾಡ್ಕೊಂಡಿರಲಿಲ್ಲ. ವಸ್ತಿಯೆಲ್ಲಾ ಮಣ್ಣು-ತಗಡು, ಇವರ ಬಾಗಿಲಿಗಷ್ಟ ನೆಲದಾಗ ಹುಗದ ದೊಡ್ಡ ಕಲ್ಲಿನ ಪಾವಟಿಗಿ. ಸಾಹೇಬ್ರು ಅದನ್ನ ಬೂಟಿಲೆ ಒದ್ದು ನೋಡಿದ್ರು, ಅಲುಗಲಿಲ್ಲ. ಮಾನಪ್ಪನ ಕಡಿಯಿಂದ ಅದರ ಮ್ಯಾಲೆ ಕೆಂಪು ಬಣ್ಣದಾಗ ಒಂದು ಸುತ್ತು ಬರಿಸಿದ್ರು, ಪಕ್ಕದಾಗ ತಾವ ನಂಬರ ಹಾಕಿದ್ರು, ಮುಂದ ನಡದ್ರು.

ಮಾನಪ್ಪ ಹಿಂದ ತಿರುಗಿ ಆ ಸುತ್ತು ನೋಡಿದ. ಗೂಟಕ್ಕೂ ಕೆಂಪು, ಕಲ್ಲಿಗೂ ಕೆಂಪು. ಮ್ಯಾಲೆ ನಂಬರ ಬ್ಯಾರೆ. ಇನ್ನೇನು ತಿಳಕೋಬೇಕು?

ಅವತ್ತ ಸಂಜಿಗೆ ಗಂಡ-ಹೆಣ್ತಿ ಇಬ್ಬರೂ ಬಂದ್ರು. ಅಮೀರಬಿ ಮಾರಿ ಬಾಡಿತ್ತು. "ಅಣ್ಣಾ, ನಮ್ಮ ಮನಿ ಹೋಗ್ತೈತೇನು?"

ನಾಳೆ ಸಾಹೇಬರನ್ನ ಕೇಳಿ ಹೇಳ್ತೇನಿ ಅಂದಿದ್ರ ಮುಗೀತಿತ್ತು. ಆದ್ರ ಸುತ್ತ ಹತ್ತು ಮಂದಿ ನಿಂತಿದ್ರು, ಎಲ್ಲಾರ ಕಣ್ಣೂ ಅವನ ಬಾಯಿ ಮ್ಯಾಲೆ.

"ಹೌದವ್ವಾ, ರಸ್ತಾ ಅಲ್ಲೇ ಬರೂದು. ಮಿಷನ್ನು ಬಂದು ಕೆಡವಿದ್ರ ಒಂದು ತಗಡೂ ಕೈಗೆ ಹತ್ತಂಗಿಲ್ಲ. ಮೊದಲ ಬಿಚ್ಚಿಕೊಂಡ್ರ ಬಾಗಿಲಾ, ತಗಡಿನ ಪತ್ರಾ ಅಷ್ಟರ ಉಳಿತಾವು," ಅಂದ. ಅವರ ಚಲೋದಕ್ಕ ಹೇಳಾಕತ್ತೇನಿ ಅಂತನ ಅವನೂ ನಂಬಿದ್ದ.

ಎಂಟು ದಿನದಾಗ ಮನಿ ಬಿಚ್ಚಿದ್ರು. ಮ್ಯಾಲೆ ಏರಿ ತಗಡು ಇಳಿಸಿಕೊಟ್ಟಾಂವ ಮಾನಪ್ಪನ. ಅಮೀರಬಿ ಒಲಿ ಇದ್ದ ಜಾಗಾ ನೋಡಿಕೋತ ಅತ್ಲು, ಚಂದವ್ವನೂ ಅತ್ಲು. ವೆರ್ಣಾದಾಗ ಫ್ಯಾಕ್ಟರಿ ಕಡೆ ಒಂದು ಬಾಡಗಿ ಖೋಲಿ ಹಿಡದು ಅವರು ಹೋದ್ರು. ಜಾಗದ ಮಾಲಕ ಭಾಟಕಾರ, ಮನಿ ನಿಂತಿರೋತನಕ ಏನೂ ಮಾಡಾಕ ಬರದ ಹಲ್ಲು ಕಡಕೊಂಡು ಕುಂತಾವ, ಮರುವಾರನ ಸುತ್ತಲೂ ಮುಳ್ಳುತಂತಿ ಎಳದ.

ಮಳಿಗಾಲ ಮುಗಿದ ಮ್ಯಾಲೆ ಸಾಹೇಬ್ರು ಪಂಚಾಯ್ತಿಯಾಗ ನಕ್ಷೆ ಹಾಸಿ ಊರವರಿಗೆ ತೋರಿಸಿದ್ರು. ನಕ್ಷೆದ ಮೂಲಿ ಹಿಡಕೊಂಡು ನಿಂತ ಮಾನಪ್ಪನೂ ಬಗ್ಗಿ ನೋಡಿದ. ದಪ್ಪ ಗೆರಿ ಗೋಡಂಬಿ ಗುಡ್ಡದ ಮ್ಯಾಲೆ ಹಾದು ಹೋಗಿತ್ತು. ವಸ್ತಿ ಕಡೆ ತಿರುಗಿ ಸೈತ ನೋಡಿರಲಿಲ್ಲ.

ಎಲ್ಲಾರೂ ಹೋದ ಮ್ಯಾಲೆ ಹಿಂದಿ ಭಾಷಾದಾಗ ತೊದಲಿಕೋತ ಕೇಳಿದ, "ಸಾಹೇಬ್ರ, ಆ ಕಲ್ಲಿನ ಮ್ಯಾಲಿನ ಸುತ್ತು?"

ಸಾಹೇಬ್ರು ಈ ಸಲ ಪುರಸೊತ್ತಿಲೆ ತಿಳಿಸಿ ಹೇಳಿದ್ರು. ಎತ್ತರ ಅಳಿಯಾಕ ಒಂದು ಗಟ್ಟಿ ಜಾಗಾ ಬೇಕು, ಯಾರೂ ಕೀಳದಂಥಾದ್ದು. ರಸ್ತಾ ಮುಟ್ಟಲಾರದ ಕಡೇನ ಹುಡುಕಿ ಅಂಥಾ ಗುರುತು ಹಾಕ್ತಾರಂತ. ಮೂರು ದಾರಿ ಅಳದು ಒಂದು ಆರಿಸ್ತಾರಂತ.

"ಹಂಗಾರ ಗುಡ್ಡದ ಮ್ಯಾಲಿಂದ ಪಕ್ಕಾ ಆತ್ರಿ?"

"ಮ್ಯಾಲಿನವರು ಒಪ್ಪಬೇಕು. ಬದಲಾದ್ರೂ ಆದೀತು," ಅಂದು ಸಾಹೇಬ್ರು ನಕ್ಷೆ ಸುತ್ತಿದ್ರು.

ಮಾನಪ್ಪ ಮನಸ್ಸಿನಾಗ ಲೆಕ್ಕಾ ಹಾಕಿದ. ಗೂಟ ಬಡದಲ್ಲೆಲ್ಲಾ ರಸ್ತಾ ಇಲ್ಲ, ಗುರುತು ಹಾಕಿದಲ್ಲಿ ರಸ್ತಾ ಬರೂದ ಇಲ್ಲ, ಗೆರಿ ಎಳದಲ್ಲಿಯೂ ಪಕ್ಕಾ ಇಲ್ಲ. ಹಂಗಾರ ತಾ ಹೇಳಿದ್ದು ಏನು? ಇಡೀ ವಸ್ತಿಯಾಗ ಯಾರೂ ಮುಟ್ಟಲಾರದ ಮನಿ ಅದೊಂದ ಇತ್ತು. ಅದನ್ನ ತಾನ ನಿಂತು ಬಿಚ್ಚಿಸಿದ್ದ.

ಐತವಾರ ವೆರ್ಣಾಕ್ಕ ಹೊಂಟ. ಹೇಳಿದ್ರ ಅವರು ಬಂದು ಇರೂದಾದ್ರೂ ಎಲ್ಲಿ, ಸುತ್ತ ತಂತಿ ಬಿದ್ದೈತಿ. ಹೇಳದಿದ್ರ ಮಾರಿ ಹೆಂಗ ತೋರಿಸೂದು? ಪೋಂಡಾದಾಗ ಬಸ್ಸು ಬದಲಿಸಬೇಕು. ಹತ್ತಲೋ ಬ್ಯಾಡೋ ಅಂತ ಎರಡು ಬಸ್ಸು ಬಿಟ್ಟ, ಮೂರನೇದಕ್ಕ ಕಂಡಕ್ಟರ್ ಬೈದ ಮ್ಯಾಲೆ ಹತ್ತಿದ.

ಅವನ್ನ ನೋಡಿ ಅಮೀರಬಿ ಓಡಿ ಬಂದ್ಲು. ಬಾಜೂ ಖೋಲಿಯಾಕಿನ್ನ ಕರದು, "ನೋಡವಾ, ಇವನ ನಮ್ಮ ಮಾನಪ್ಪಣ್ಣ. ಇಂವಾ ಮೊದಲ ಹೇಳಿದ್ದಕ್ಕ ನಮ್ಮ ಬಾಗಿಲಾ, ಪತ್ರಾ ಉಳದ್ವು," ಅಂತ ಹೆಮ್ಮೆಲೆ ತೋರಿಸಿದ್ಲು. ಬಾಗಿಲಾ, ಪತ್ರಾ ಗ್ವಾಡಿಗೆ ಆನಿಸಿಟ್ಟಿದ್ರು, ಹಾಕಾಕ ಮನಿ ಇಲ್ಲದ. ಚಮನಸಾಬ ಚಾಪಿ ಹಾಸಿ, "ಬಾ, ಕೂಡು. ರಸ್ತಾ ಎಲ್ಲೀತನಾ ಬಂತು?" ಅಂದ.

ಮಾನಪ್ಪ ಕೂಡಲಿಲ್ಲ. ನಿಂತಲ್ಲೇ ಎಲ್ಲಾ ಹೇಳಿದ, ಕಲ್ಲಿಂದು, ಗುಡ್ಡದ್ದು, ತಂತಿದು. ಚಮನಸಾಬ ಕೇಳಿ ಮುಗಿಸಿ, ಚಪ್ಪಲಿ ಮೆಟ್ಟಿ ಹೊರಗ ಹೋದ.

ಅಮೀರಬಿ ಬೈತಾಳು ಅಂದ್ಕೊಂಡ. ಬೈದಿದ್ರ ಚಲೋ ಆಗ್ತಿತ್ತು. ಆಕಿ ಅವನ ಮಾರಿನ ನೋಡಿಕೋತ ಸಣ್ಣ ದನಿಯಾಗ ಕೇಳಿದ್ಲು, "ಗೊತ್ತಿರಲಿಲ್ಲ ಅಂದ್ರ, ಗೊತ್ತಿಲ್ಲ ಅನ್ನಾಕ ಏನಾಗಿತ್ತಣ್ಣಾ?"

ಮಾನಪ್ಪ ಗ್ವಾಡಿಗೆ ಆನಿಸಿಟ್ಟ ಬಾಗಿಲಾ ನೋಡಿದ.

"ಗೊತ್ತಿಲ್ಲವ್ವಾ," ಅಂದ.